ಕಣಜದಿಂದ ಕಿರಾಣಿಗೆ: ಶಿಕಾರಿಪುರ–ಸೊರಬ ಸೀಮೆಯ ಆಹಾರ ವ್ಯಾಪಾರ

ಶಿವಮೊಗ್ಗ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಬಯಲುಸೀಮೆಗೆ ಇಳಿಯುವ ನೆಲ. ಸೊರಬದ ಪಡುವಣದಲ್ಲಿ ಕಾನು, ಅಡಿಕೆ ತೋಟ, ಮಳೆನೀರು ನಿಲ್ಲುವ ಗದ್ದೆ. ಶಿಕಾರಿಪುರ ದಾಟಿ ಮೂಡಲಿಗೆ ಹೋದಂತೆ ಜೋಳ, ಹತ್ತಿ, ಈಚೆಗೆ ಮೆಕ್ಕೆಜೋಳ ಬೆಳೆಯುವ ಬೆದ್ದಲು. ವರದಾ, ದಂಡಾವತಿ, ಕುಮುದ್ವತಿ ಹೊಳೆಗಳು ಇಲ್ಲಿನ ನೀರನ್ನು ಕೊನೆಗೆ ತುಂಗಭದ್ರೆಗೆ ಒಯ್ಯುತ್ತವೆ. ಭತ್ತದ ನಾಡಿಗೆ ಬೇಳೆ, ಮೆಣಸಿನಕಾಯಿ ಬೇಕು. ಜೋಳದ ನಾಡಿಗೆ ಅಕ್ಕಿ, ಅಡಿಕೆ ಬೇಕು. ಉಪ್ಪು ಎರಡೂ ಕಡೆ ಹುಟ್ಟುವುದಿಲ್ಲ. ಹೀಗೆ ಎರಡು ಬಗೆಯ ನೆಲ ಕೂಡುವಲ್ಲಿ ಬೆಳೆದ ಊರುಗಳ ವ್ಯಾಪಾರದ ಚರಿತ್ರೆ ಸಾವಿರ ವರ್ಷಕ್ಕೂ ಹಳೆಯದು. ಮಲೆನಾಡಿನ ಹಳ್ಳಿ ತನ್ನ ಅನ್ನ ತಾನು ಬೆಳೆದು, ಹೊರಗಿನವರ ಹಂಗಿಲ್ಲದೆ ಇತ್ತೆಂಬ ಮಾತು ಈಗಲೂ ಕೇಳಿಬರುತ್ತದೆ. ಶಾಸನ, ದಾಖಲೆ, ಸಂತೆಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಹೊರಗಿನಿಂದ ತರುವುದು ಈ ಸೀಮೆಗೆ ಎಂದೂ ಹೊಸದಾಗಿರಲಿಲ್ಲ. ಏನು ಬರುತ್ತಿತ್ತು, ಯಾರ ಮನೆಗೆ ಬರುತ್ತಿತ್ತು ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಯಿತು.

ಈ ಚರಿತ್ರೆಯ ಹಳೆಯ ಕೇಂದ್ರ ಬಳ್ಳಿಗಾವೆ. ಇಂದು ಶಿಕಾರಿಪುರ ತಾಲ್ಲೂಕಿನ ಸಾಧಾರಣ ಹಳ್ಳಿಯಾಗಿರುವ ಬಳ್ಳಿಗಾವಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರ ಎಂಬ ಪ್ರಾಂತದ ರಾಜಧಾನಿಯಾಗಿತ್ತು. ಕೇದಾರೇಶ್ವರ ದೇವಾಲಯ, ಕಾಳಾಮುಖ ಶೈವರ ಕೋಡಿಯ ಮಠ, ಬೌದ್ಧ ಮತ್ತು ಜೈನ ನೆಲೆಗಳು ಒಂದೇ ಊರಿನಲ್ಲಿದ್ದವು. ಅಷ್ಟು ಜನರಿಗೆ ಊಟವಾಗಬೇಕಾದರೆ ಸುತ್ತಲಿನ ಗದ್ದೆಯ ಭತ್ತದ ಜೊತೆಗೆ ದೂರದ ಸರಕೂ ಬರಬೇಕಿತ್ತು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೇ ಸಂಪುಟಗಳಲ್ಲಿ ಶಿಕಾರಿಪುರ ಮತ್ತು ಸೊರಬದ ನೂರಾರು ಶಾಸನಗಳಿವೆ. ಅವುಗಳಲ್ಲಿ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘವನ್ನು ಹೊಗಳುವ 11ನೇ ಶತಮಾನದ ಶಾಸನವೊಂದು ದಕ್ಷಿಣ ಭಾರತದ ವ್ಯಾಪಾರ ಚರಿತ್ರೆಯನ್ನು ಬರೆದವರೆಲ್ಲ ಮತ್ತೆ ಮತ್ತೆ ಆಧಾರವಾಗಿಟ್ಟುಕೊಂಡ ಬರಹ. ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ಪಾರಸ, ನೇಪಾಳ ಮೊದಲಾದ ದೇಶಗಳನ್ನು ಸುತ್ತುವ ಈ ವರ್ತಕರು ಆನೆ, ಕುದುರೆ, ರತ್ನಗಳ ಜೊತೆಗೆ ಏಲಕ್ಕಿ, ಲವಂಗ, ಕರ್ಪೂರ, ಕೇಸರಿಗಳನ್ನೂ ಮಾರುತ್ತಿದ್ದರೆಂದು ಅದು ಹೇಳುತ್ತದೆ. ಅದರಲ್ಲೇ ಇರುವ ಇನ್ನೊಂದು ವಿವರ ಹೆಚ್ಚು ಬೆಲೆಯುಳ್ಳದ್ದು: ಸರಕನ್ನು ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ತಿರುಗಿ ಚಿಲ್ಲರೆಯಾಗಿಯೂ ಮಾರುತ್ತಿದ್ದರು. ದೊಡ್ಡ ವರ್ತಕನನ್ನೂ ಹೊರೆ ಹೊತ್ತ ಸಣ್ಣ ವ್ಯಾಪಾರಿಯನ್ನೂ ಒಂದೇ ಸಂಘದ ಹೊಗಳಿಕೆಯಲ್ಲಿ ಸೇರಿಸಿದ ದಾಖಲೆ ಸುಲಭಕ್ಕೆ ಸಿಗುವಂಥದ್ದಲ್ಲ.

ಲವಂಗ ಮೊಲಕ್ಕಸ್ ದ್ವೀಪಗಳಿಂದ, ಕರ್ಪೂರ ಸುಮಾತ್ರಾ ಕಡೆಯಿಂದ ಬರುತ್ತಿದ್ದ ಸರಕು. ಅಂದರೆ ಇಂಡೋನೇಷ್ಯಾದ ಪದಾರ್ಥ ಈ ಸೀಮೆಯ ಪೇಟೆಗೆ ಬಂದದ್ದು ನಮ್ಮ ಕಾಲದ ಪಾಮ್ ಎಣ್ಣೆಯಿಂದಲ್ಲ, ಅದಕ್ಕೂ ಬಹಳ ಹಿಂದೆ. ಆದರೆ ಆ ಆಮದು ಮಠ, ಅರಮನೆ, ಸೆಟ್ಟಿಗಳ ಮನೆಗೆ ಸೀಮಿತವಾಗಿತ್ತು. ಸಾಮಾನ್ಯರ ಪಾಲಿಗೆ ಹೊರಗಿನ ಸರಕು ಎಂದರೆ ಉಪ್ಪೊಂದೇ. ಪೇಟೆಗೆ ಬರುವ ಹೇರಿಗೆ ಪೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳಿದ್ದವು. ಆ ಆದಾಯದ ಪಾಲನ್ನು ದೇವಾಲಯಕ್ಕೋ ಮಠಕ್ಕೋ ಬಿಟ್ಟುಕೊಟ್ಟ ದಾನಶಾಸನಗಳು ಸಾಕಷ್ಟಿವೆ. ಕೋಡಿಯ ಮಠದ 1162ರ ಶಾಸನ ಬಡವರು, ಕುರುಡರು, ಕುಂಟರು, ದಿಕ್ಕಿಲ್ಲದವರಿಗೆ ಅಲ್ಲಿ ಅನ್ನ ಸಿಗುತ್ತಿತ್ತೆಂದು ದಾಖಲಿಸುತ್ತದೆ. ಪೇಟೆಯ ಸುಂಕ ಮಠದ ಅನ್ನವಾಗುತ್ತಿದ್ದ ಈ ಏರ್ಪಾಡು ಅಂದಿನ ಆಹಾರ ವಿತರಣೆಯ ಒಂದು ಅಂಗವೇ ಆಗಿತ್ತು.

ಬಳ್ಳಿಗಾವೆಯ ವೈಭವ ಇಳಿದ ಮೇಲೆ, ವಿಜಯನಗರ ಮತ್ತು ಕೆಳದಿ ಅರಸರ ಕಾಲದಲ್ಲಿ, ವ್ಯಾಪಾರದ ಮುಖ ಪಡುವಣ ಕಡಲಿಗೆ ತಿರುಗಿತು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಕೋಟೆ ಕೆಳದಿ ನಾಯಕರ ಬಲವಾದ ನೆಲೆಗಳಲ್ಲಿ ಒಂದು. ಘಟ್ಟದ ಮೇಲಿನ ಕಾಳುಮೆಣಸು ಕೆಳಗಿನ ಬಂದರುಗಳಿಗೆ ಇಳಿದು ಪೋರ್ಚುಗೀಸರ, ಆಮೇಲೆ ಡಚ್ಚರ ಹಡಗು ಸೇರುತ್ತಿತ್ತು. ಈ ಮೆಣಸಿನ ಒಂದು ಪಾಲು ತೋಟದ್ದಾಗಿರದೆ ಕಾನಿನದಾಗಿತ್ತು. ಸೊರಬದ ಕಾನುಗಳು ನಿತ್ಯಹರಿದ್ವರ್ಣದ ಕಾಡಿನ ತುಂಡುಗಳು. ಊರಿನವರು ಅಲ್ಲಿ ಮೆಣಸಿನ ಬಳ್ಳಿಯನ್ನು ನೋಡಿಕೊಂಡು, ಬೈನೆ ಮರದ ಕಳ್ಳು, ಜೇನು, ಹಣ್ಣು ತೆಗೆದುಕೊಳ್ಳುತ್ತಿದ್ದರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಮೇಲೆಯೇ ಒಂದು ಪ್ರತ್ಯೇಕ ವರದಿ ಬರೆದರೆಂದರೆ ಅವುಗಳ ಮಹತ್ವ ತಿಳಿಯುತ್ತದೆ. ಅರಣ್ಯ ಇಲಾಖೆಯ ಹಿಡಿತ ಬಿಗಿಯಾದಂತೆ ಊರಿಗೂ ಕಾನಿಗೂ ಇದ್ದ ಈ ಸಂಬಂಧ ಸಡಿಲವಾಯಿತು. ಮನೆಯ ಊಟಕ್ಕೆ ಕಾಡು ಕೊಡುತ್ತಿದ್ದ ಪಾಲೂ ಕಡಿಮೆಯಾಯಿತು.

ಮೆಣಸು ಇಳಿದ ದಾರಿಯಲ್ಲೇ ಹೊಸ ಬೆಳೆಗಳು ಮೇಲೆ ಬಂದವು. ಮೆಣಸಿನಕಾಯಿ, ಅನಾನಸ್, ಮೆಕ್ಕೆಜೋಳ, ಗೋಡಂಬಿ, ಶೇಂಗಾ ಎಲ್ಲವೂ ಅಮೆರಿಕ ಖಂಡದವು. ಮೆಣಸಿನಕಾಯಿ, ಅನಾನಸ್, ಗೋಡಂಬಿಗಳಂತೂ ಪೋರ್ಚುಗೀಸರ ಮೂಲಕವೇ ಭಾರತಕ್ಕೆ ಬಂದವು. ನೆರೆಯ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಸೊರಬ–ಬನವಾಸಿ ಸೀಮೆಯ ಅನಾನಸ್ ಲಾರಿ ತುಂಬಿ ದೆಹಲಿಗೆ ಹೋಗುತ್ತದೆ. ಶಿಕಾರಿಪುರದ ಬೆದ್ದಲನ್ನು ಮೆಕ್ಕೆಜೋಳ ಆಳುತ್ತಿದೆ. ಇಂದು ಈ ನಾಡಿನ ಗುರುತಾಗಿರುವ ಬೆಳೆಗಳಲ್ಲಿ ಹಲವು ಒಂದು ಕಾಲದ ಆಮದುಗಳೇ. ಹಾಗಾಗಿ ಹೊರಗಿನಿಂದ ಬಂದದ್ದನ್ನೆಲ್ಲ ನಷ್ಟವೆಂದು ಎಣಿಸುವುದು ತಪ್ಪಾಗುತ್ತದೆ.

ಉಪ್ಪಿನ ಸಾಗಣೆ ಬೇರೊಂದು ಸಮುದಾಯದ ಕೈಯಲ್ಲಿತ್ತು. ಲಂಬಾಣಿಗಳು ನೂರಾರು ಎತ್ತುಗಳ ಹಿಂಡಿನ ಮೇಲೆ ಹೇರು ಹಾಕಿ, ಘಟ್ಟದ ಕೆಳಗಿನ ಉಪ್ಪನ್ನು ಮೇಲೆ ತಂದು, ಮೇಲಿನ ದವಸವನ್ನು ಕೆಳಗೆ ಒಯ್ಯುತ್ತಿದ್ದರು. ಸೈನ್ಯಗಳಿಗೆ ಧಾನ್ಯ ಒದಗಿಸುತ್ತಿದ್ದವರೂ ಅವರೇ. ಗಾಡಿರಸ್ತೆ ಇಲ್ಲದ ಘಟ್ಟದಲ್ಲಿ ಹೇರೆತ್ತಿನ ಸಾಲೇ ಸಾಗಣೆಯ ಆಧಾರ. 19ನೇ ಶತಮಾನದಲ್ಲಿ ಗೇರುಸೊಪ್ಪೆ, ಆಗುಂಬೆ, ದೇವಿಮನೆ ಮೊದಲಾದ ಘಟ್ಟಗಳಿಗೆ ಗಾಡಿರಸ್ತೆಯಾದಾಗ, ಆಮೇಲೆ ರೈಲು ಬಂದಾಗ ಅವರ ಕಸುಬು ಕುಸಿಯಿತು. ಅಲೆದಾಟ ನಿಂತು, ಶಿಕಾರಿಪುರ ತಾಲ್ಲೂಕಿನ ಉದ್ದಕ್ಕೂ ತಾಂಡಾಗಳು ನೆಲೆಯಾದವು. ಲಂಬಾಣಿಗಳ ಆರಾಧ್ಯ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇಲ್ಲಿಂದ ದೂರವೇನಲ್ಲ. ಒಂದು ನಾಡಿಗೆ ಉಪ್ಪು ತಿನ್ನಿಸಿದ ಜನ ಅದೇ ನಾಡಿನಲ್ಲಿ ಜಮೀನಿಲ್ಲದ ಕೂಲಿಗಳಾದದ್ದು ಈ ವ್ಯಾಪಾರ ಚರಿತ್ರೆಯ ನೋವಿನ ಭಾಗ. ರಸ್ತೆ, ರೈಲಿನಿಂದ ಯಾರಿಗೆ ಏನು ಸಿಕ್ಕಿತೆಂದು ಲೆಕ್ಕ ಹಾಕುವವರು ಇದನ್ನು ಬಿಡಬಾರದು.

ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬನವಾಸಿ, ಚಂದ್ರಗುತ್ತಿ, ಕೆಳದಿ, ಇಕ್ಕೇರಿಗಳ ಮೂಲಕ ಹಾದುಹೋದಾಗ ಊರೂರಿನ ಬೆಳೆ, ಬೆಲೆ, ಅಳತೆಗಳನ್ನು ಬರೆದುಕೊಂಡ. ಅವನ ಟಿಪ್ಪಣಿಗಳಲ್ಲಿ ಎದ್ದು ಕಾಣುವುದು ಅಳತೆಯ ಗೊಂದಲ. ಸೇರು, ಕೊಳಗ, ಖಂಡುಗ ಎಂಬ ಹೆಸರು ಎಲ್ಲೆಡೆ ಒಂದೇ, ಅದರೊಳಗೆ ಹಿಡಿಯುವ ಧಾನ್ಯ ಮಾತ್ರ ಊರಿಗೊಂದು ಬಗೆ. ಕೊಳ್ಳುವ ಕೊಳಗ ಬೇರೆ, ಕೊಡುವ ಕೊಳಗ ಬೇರೆ ಇರುತ್ತಿದ್ದದ್ದೂ ಉಂಟು. ಈ ವ್ಯತ್ಯಾಸದ ಭಾರ ಬೀಳುತ್ತಿದ್ದದ್ದು ಗೇಣಿದಾರನ ಮೇಲೆ. 1951ರಲ್ಲಿ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಭುಗಿಲೆದ್ದ ರೈತ ಸತ್ಯಾಗ್ರಹದ ಮೂಲದಲ್ಲಿ ಇದ್ದದ್ದು ಗೇಣಿ ಅಳೆಯುವ ಕೊಳಗದ ಗಾತ್ರವೇ. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರಂಥವರು ಅದರಲ್ಲಿ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇಶದ ಸಮಾಜವಾದಿ ಚಳವಳಿಯಲ್ಲಿ ದೊಡ್ಡ ಹೆಸರಾದ ಹೋರಾಟ ಧಾನ್ಯದ ಮಾಪನದಿಂದ ಹುಟ್ಟಿತೆಂಬುದು ಈ ಭಾಗದಲ್ಲಿ ಆಹಾರ ಯಾರ ಕೈಯಲ್ಲಿತ್ತೆಂಬುದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಹಳೆಯ ಕಾಲದ ಮನೆಗಳಲ್ಲಿ ಭತ್ತ ಕಣಜದಲ್ಲೋ ಪಣತದಲ್ಲೋ ಇರುತ್ತಿತ್ತು, ಬಯಲಿನ ಕಡೆ ಜೋಳ ನೆಲದೊಳಗಿನ ಹಗೇವಿನಲ್ಲಿ. ಅಕ್ಕಿಯನ್ನು ಬೇಕಾದಾಗ ಕುಟ್ಟಿಕೊಳ್ಳುತ್ತಿದ್ದರು. ಅಂಗಡಿಯ ಕೆಲಸ ಉಪ್ಪು, ಬೆಲ್ಲ, ಒಣಮೀನು, ಎಣ್ಣೆ, ಹೊಗೆಸೊಪ್ಪು, ಬಟ್ಟೆಗೆ ಮುಗಿಯುತ್ತಿತ್ತು. ಅದಕ್ಕೂ ಹಣದ ಬದಲು ದವಸ ಅಳೆದು ಕೊಡುವುದೇ ಹೆಚ್ಚು. ಬಡಗಿ, ಕಮ್ಮಾರ, ಅಗಸ, ಕ್ಷೌರಿಕರಿಗೆ ಸುಗ್ಗಿಯ ಕಣದಲ್ಲೇ ಆಯ ಸಿಗುತ್ತಿತ್ತು. ಈ ಚಿತ್ರವನ್ನು ನೆನೆದು ಕೊರಗುವವರು ಒಂದು ಮಾತನ್ನು ಮರೆಯುತ್ತಾರೆ: ಕಣಜ ಎಲ್ಲರ ಮನೆಯಲ್ಲೂ ಇರಲಿಲ್ಲ. ಗೇಣಿ ಕೊಟ್ಟು, ಬೀಜ ತೆಗೆದಿಟ್ಟು ಉಳಿದ ಭತ್ತ ಮಳೆಗಾಲದ ನಡುವಿಗೇ ಮುಗಿಯುತ್ತಿತ್ತು. ಆಷಾಢ, ಶ್ರಾವಣದಲ್ಲಿ ಒಡೆಯನ ಮನೆಯಿಂದ ತಂದ ಧಾನ್ಯ ಸುಗ್ಗಿಯಲ್ಲಿ ಬಡ್ಡಿ ಸೇರಿ ಹಿಂದಕ್ಕೆ ಹೋಗುತ್ತಿತ್ತು. ಕೂಲಿಯವರಿಗಂತೂ ದಿನದ ಪಡಿಯೇ ಗತಿ. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಐದನೇ ಒಂದರಷ್ಟನ್ನು ಕಳೆದುಕೊಂಡಾಗ ಮಲೆನಾಡಿನ ತಾಲ್ಲೂಕುಗಳಿಗೆ ಪೆಟ್ಟು ಕಡಿಮೆಯಾಗಿತ್ತು, ನಿಜ. ಆದರೆ ಬಯಲಿನ ಬೆಲೆ ಇಲ್ಲಿನ ಭತ್ತವನ್ನೂ ಸೆಳೆಯುತ್ತಿತ್ತು. ಕೊಂಡು ತಿನ್ನುವವರಿಗೆ ಆ ರಕ್ಷಣೆ ಪೂರ್ತಿ ದಕ್ಕುವಂತಿರಲಿಲ್ಲ.

ಪೇಟೆಯ ಸ್ವರೂಪ ಬದಲಾದದ್ದು ರೈಲಿನಿಂದ, ಅದೂ ದೂರದ ರೈಲಿನಿಂದ. 1880ರ ದಶಕದಲ್ಲಿ ಹುಬ್ಬಳ್ಳಿ–ಹರಿಹರ ಮಾರ್ಗ ಹಾವೇರಿ, ರಾಣೆಬೆನ್ನೂರುಗಳನ್ನು ಮುಟ್ಟಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ಅದು ಸಾಗರದ ಮೂಲಕ ತಾಳಗುಪ್ಪ ತಲುಪಲು 1940 ಆಯಿತು. ಶಿಕಾರಿಪುರ, ಸೊರಬ ಎರಡೂ ಈ ಹಳಿಗಳ ನಡುವೆ ಉಳಿದವು. ಹಾಗಾಗಿ ಸರಕು ಒಂದು ಕಡೆ ರಾಣೆಬೆನ್ನೂರು, ಹಾವೇರಿಯಿಂದ, ಇನ್ನೊಂದು ಕಡೆ ಶಿವಮೊಗ್ಗ, ಸಾಗರದಿಂದ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ ಬರತೊಡಗಿತು. ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪ ವ್ಯಾಪಾರದ ಊರಾಗಿ ಬೆಳೆದದ್ದು ಈ ಸ್ಥಾನದಿಂದಲೇ. ಸೊರಬ, ಆನವಟ್ಟಿ, ಹಿರೇಕೆರೂರು, ಶಿಕಾರಿಪುರಗಳ ದಾರಿಗಳು ಕೂಡುವ ಕಡೆ ಅದು ನಿಂತಿದೆ. 1956ರ ನವೆಂಬರ್ 1ರವರೆಗೆ ಹಿರೇಕೆರೂರು, ಹಾನಗಲ್ಲು, ಶಿರಸಿ ಮುಂಬಯಿ ಆಡಳಿತದಲ್ಲಿದ್ದವು, ಶಿಕಾರಿಪುರ ಮತ್ತು ಸೊರಬ ಮೈಸೂರಿನಲ್ಲಿದ್ದವು. ಒಂದೇ ಭಾಷೆ, ಒಂದೇ ನಂಟಸ್ತಿಕೆ, ಒಂದೇ ಸಂತೆ, ಆದರೂ ನಡುವೆ ಸರಕಾರದ ಗಡಿ.

ಆ ಗಡಿ ನಿಜವಾಗಿ ಬಿಗಿಯಾದದ್ದು ಎರಡನೇ ಮಹಾಯುದ್ಧದಲ್ಲಿ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದುಕೊಂಡ ಕೂಡಲೇ ಭಾರತಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತುಹೋಯಿತು. ರಂಗೂನಿನ ಹೆಸರನ್ನೇ ಕೇಳದ ಹಳ್ಳಿಗೂ ಅದರ ಬಿಸಿ ತಟ್ಟಿತು. ಧಾನ್ಯ ಸಾಗಿಸಲು ಪರವಾನಗಿ, ಬೆಳೆಗಾರನಿಂದ ಲೆವಿ, ಪಟ್ಟಣದಲ್ಲಿ ಪಡಿತರ ಬಂದವು. ಅದೇ ವರ್ಷ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು, ಕಂದಾಯ ಕೊಡೆವೆಂದು ನಿಂತಿತು. 1943ರಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಈಸೂರಿನ ಹೋರಾಟ ರಾಷ್ಟ್ರೀಯ ಚಳವಳಿಯದೇ ಹೌದು. ಆದರೂ ಯುದ್ಧಕಾಲದ ಅಭಾವ, ಏರುತ್ತಿದ್ದ ಬೆಲೆಗಳ ನಡುವೆ ಅದು ನಡೆಯಿತೆಂಬುದನ್ನು ಬಿಟ್ಟು ಆ ವರ್ಷಗಳನ್ನು ಅರ್ಥಮಾಡಿಕೊಳ್ಳಲಾಗದು.

ಸ್ವಾತಂತ್ರ್ಯದ ನಂತರವೂ ಅಭಾವ ಮುಗಿಯಲಿಲ್ಲ. 1956ರಲ್ಲಿ ಅಮೆರಿಕದ ಜೊತೆ ಆಹಾರ ನೆರವಿನ ಪಿ.ಎಲ್. 480 ಒಪ್ಪಂದವಾಗಿ, ಗೋಧಿ ಹಡಗು ಹಡಗಾಗಿ ಬಂತು. ಬರಗಾಲದ 1966ರಲ್ಲಿ ಭಾರತ ಆಮದು ಮಾಡಿಕೊಂಡ ಧಾನ್ಯ ಸುಮಾರು 1 ಕೋಟಿ ಟನ್. ಅನ್ನ, ರೊಟ್ಟಿ ಬಿಟ್ಟರೆ ಬೇರೆ ತಿಳಿಯದ ಸೀಮೆಯಲ್ಲಿ ಗೋಧಿ ಮೊದಲು ಹಬ್ಬದ ಹೋಳಿಗೆಗೂ ಕಾಯಿಲೆಯವರ ಗಂಜಿಗೂ ಬಳಕೆಯಾಗುತ್ತಿದ್ದ ಧಾನ್ಯ. ಪಡಿತರದ ಅಂಗಡಿಯಿಂದ, ಶಾಲೆಯ ಉಪ್ಪಿಟ್ಟಿನಿಂದ ಅದು ದಿನಬಳಕೆಗೆ ಇಳಿಯಿತು. 1965ರಲ್ಲಿ ಭಾರತ ಆಹಾರ ನಿಗಮ, 1973ರಲ್ಲಿ ಕರ್ನಾಟಕ ಆಹಾರ ಮತ್ತು ನಾಗರಿಕ ಸರಬರಾಜು ನಿಗಮ ಸ್ಥಾಪನೆಯಾದವು. ಹಳ್ಳಿಯ ಸಹಕಾರ ಸಂಘವೇ ನ್ಯಾಯಬೆಲೆ ಅಂಗಡಿಯಾಯಿತು. ಅದಕ್ಕೆ ಇಂದಿಗೂ ಜನರ ಬಾಯಲ್ಲಿ ‘ಸೊಸೈಟಿ’ ಎಂದೇ ಹೆಸರು.

ಈ ಕಾಲದ ಪೇಟೆಯನ್ನು ಆಳಿದ್ದು ಅಕ್ಕಿ ಗಿರಣಿ. ಒನಕೆ ಮೂಲೆ ಸೇರಿತು. ಭತ್ತ ಗಿರಣಿಗೆ ಹೋಗಿ ಅಕ್ಕಿಯಾಗಿ ಬರತೊಡಗಿತು. ಸರಕಾರದ ಲೆವಿ ಅಕ್ಕಿ, ವ್ಯಾಪಾರದ ಅಕ್ಕಿ ಎರಡೂ ಗಿರಣಿಯ ಅಂಗಳದಲ್ಲೇ ವಿಂಗಡವಾಗುತ್ತಿದ್ದವು. ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಹುಟ್ಟಿದ ಬಿ.ಎಸ್. ಯಡಿಯೂರಪ್ಪ ಶಿಕಾರಿಪುರಕ್ಕೆ ಬಂದು ಗುಮಾಸ್ತರಾಗಿ ದುಡಿದದ್ದು ಇಂಥದೊಂದು ಅಕ್ಕಿ ಗಿರಣಿಯಲ್ಲಿ. ಹಳ್ಳಿಯ ರೈತ, ಸರಕಾರಿ ನೌಕರ, ವರ್ತಕ ಮೂವರೂ ನಿತ್ಯ ಎಡತಾಕುತ್ತಿದ್ದ ಜಾಗ ಅದು. ಮುಂದೆ ರಾಜ್ಯದ ಮುಖ್ಯಮಂತ್ರಿಯಾದವರು ತಾಲ್ಲೂಕಿನ ಜನರನ್ನು ಅರಿತದ್ದರಲ್ಲಿ ಆ ನೌಕರಿಯ ಪಾಲೂ ಇದ್ದೀತು. ಗದ್ದೆಯಲ್ಲೂ ಇದೇ ಹೊತ್ತಿಗೆ ತಳಿ ಬದಲಾಯಿತು. ಇಂಡೋನೇಷ್ಯಾ ಮೂಲದ ಇಂಟಾನ್ ಭತ್ತ ಮಲೆನಾಡಿನ ಗದ್ದೆಗಳಲ್ಲಿ ನೆಲೆಯೂರಿತು. ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯದ ನೀರು ಶಿಕಾರಿಪುರದ ಕೆಳಭಾಗದಲ್ಲಿ ಭತ್ತವನ್ನು ಗಟ್ಟಿಗೊಳಿಸಿತ್ತು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಈ ಚರಿತ್ರೆಯ ನಿಜವಾದ ತಿರುವು. ದೇವರಾಜ ಅರಸರ ಸರಕಾರದ ಆ ಕಾನೂನಿನಡಿ ಗೇಣಿದಾರರು 7ನೇ ನಮೂನೆಯ ಅರ್ಜಿ ಹಾಕಿ ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಕಾಗೋಡಿನ ಕೊಳಗದ ಜಗಳಕ್ಕೆ ಉತ್ತರ ಸಿಕ್ಕದ್ದು ಇಲ್ಲಿ. ಗೇಣಿಯಾಗಿ ಹೋಗುತ್ತಿದ್ದ ಭತ್ತ ಮನೆಯಲ್ಲೇ ಉಳಿಯಿತು. ತಿಂದು ಮಿಕ್ಕಿದ್ದು ಮಾರಾಟಕ್ಕೆ ಬಂತು, ಮಾರಿದ ಹಣ ಅಂಗಡಿಗೆ ಬಂತು. ಹಳ್ಳಿಗಳಲ್ಲಿ ಕಿರಾಣಿ ಅಂಗಡಿಗಳ ಸಂಖ್ಯೆ ಬೆಳೆದದ್ದಕ್ಕೆ ಲಾರಿ, ರಸ್ತೆಗಳಷ್ಟೇ ಕಾರಣವೆಂದು ಹೇಳುವುದು ಸಾಲದು. ಕೊಳ್ಳುವ ಶಕ್ತಿ ಹುಟ್ಟದೆ ಅಂಗಡಿ ಹುಟ್ಟುವುದಿಲ್ಲ, ಆ ಶಕ್ತಿ ಹುಟ್ಟಿದ್ದು ನೆಲದ ಒಡೆತನದಿಂದ.

ಆಗಿನ ಕಿರಾಣಿಯ ವಹಿವಾಟು ನಡೆಯುತ್ತಿದ್ದದ್ದು ಉದ್ರಿಯ ಮೇಲೆ. ವರ್ಷವಿಡೀ ಖಾತೆಯಲ್ಲಿ ಬರೆಸಿ, ಅಡಿಕೆ ಅಥವಾ ಭತ್ತ ಮಾರಿದಾಗ ತೀರಿಸುವುದು ರೂಢಿ. ಮಂಡಿಯ ಸಾಹುಕಾರ ಕೊಟ್ಟ ಮುಂಗಡಕ್ಕೆ ಬೆಳೆ ಅವನ ಮಂಡಿಗೇ ಬರಬೇಕು. ಈ ಕಟ್ಟನ್ನು ಸಡಿಲಿಸಲು ಅಡಿಕೆ ಬೆಳೆಗಾರರು ಶಿವಮೊಗ್ಗದ ಮಾಮ್ಕೋಸ್, ಸಾಗರದ ಆಪ್ಸ್‌ಕೋಸ್‌ನಂಥ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. 1966ರ ಕಾಯ್ದೆಯಂತೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು ಬಂದು ಬಹಿರಂಗ ಹರಾಜು, ಒಂದೇ ತೂಕ ಕಡ್ಡಾಯವಾದವು. ಸೇರು, ಪಾವುಗಳ ಜಾಗಕ್ಕೆ ಕಿಲೋ ಅದಾಗಲೇ ಬಂದಿತ್ತು. ಆದರೆ ಹಳ್ಳಿಯ ಅಂಗಡಿಯಲ್ಲಿ ಅಕ್ಕಿಯನ್ನು ಬಹಳ ಕಾಲ ಸೇರಿನಲ್ಲೇ ಅಳೆಯುತ್ತಿದ್ದರು. ವಾರದ ಸಂತೆ ತರಕಾರಿ, ಒಣಮೀನು, ಮಂಡಕ್ಕಿ, ಸೊಪ್ಪು, ಬಳೆ, ಬಟ್ಟೆಗಳ ಜಾಗವಾಗಿ ಮುಂದುವರಿಯಿತು. ಈಗ ಹೊನ್ನಾವರ, ಭಟ್ಕಳದ ಹಸಿಮೀನು ಮಂಜುಗಡ್ಡೆಯಲ್ಲಿ ಅದೇ ದಿನ ಇಲ್ಲಿಗೆ ತಲುಪುತ್ತದೆ.

1990ರ ದಶಕ ಎರಡು ಬದಲಾವಣೆಗಳನ್ನು ಒಟ್ಟಿಗೆ ತಂದಿತು. ಮೊದಲನೆಯದು ಹೊಲದಲ್ಲಿ. ಸೊರಬ ತಾಲ್ಲೂಕಿನ ಕುಬಟೂರಿನವರಾದ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಬಂತು. ಕೊಳವೆಬಾವಿಗಳು ಹೆಚ್ಚಿದವು, ಅಡಿಕೆ ತೋಟ ಹಳೆಯ ಕಣಿವೆಗಳನ್ನು ಬಿಟ್ಟು ಗದ್ದೆಗೆ ಇಳಿಯಿತು. ಶುಂಠಿ, ಅನಾನಸ್ ಬೆಳೆಯಲು ಕೇರಳದಿಂದ ಬಂದವರು ಜಮೀನನ್ನು ಗುತ್ತಿಗೆ ಹಿಡಿದರು. ಬೆದ್ದಲಿನಲ್ಲಿ ಕೋಳಿ ಆಹಾರದ ಬೇಡಿಕೆ ನಂಬಿ ಮೆಕ್ಕೆಜೋಳ ಹಬ್ಬಿತು. ಎರಡನೆಯದು ಬಂದರಿನಲ್ಲಿ. 1986ರ ಎಣ್ಣೆಕಾಳು ಮಿಷನ್ ಫಲವಾಗಿ 1990ರ ದಶಕದ ಮೊದಲಿಗೆ ದೇಶ ಖಾದ್ಯ ತೈಲದಲ್ಲಿ ಹೆಚ್ಚೂಕಡಿಮೆ ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೊಲೀನ್ ಆಮದನ್ನು ಖಾಸಗಿ ವರ್ತಕರಿಗೆ ತೆರೆಯಲಾಯಿತು, ಸುಂಕವೂ ಬರಬರುತ್ತ ಇಳಿಯಿತು. ಊರಿನ ಗಾಣ, ಶೇಂಗಾ ಎಣ್ಣೆಯ ಮಿಲ್ಲು ಆ ಬೆಲೆಯ ಮುಂದೆ ನಿಲ್ಲಲಿಲ್ಲ. ಈಗ ದೇಶ ಬಳಸುವ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. 2022–23ರ ತೈಲ ವರ್ಷದಲ್ಲಿ ಆಮದು 160 ಲಕ್ಷ ಟನ್ ದಾಟಿತು. ಇಂಡೋನೇಷ್ಯಾ, ಮಲೇಷ್ಯಾದ ಪಾಮ್ ಎಣ್ಣೆ ಮಂಗಳೂರಿನಂಥ ಬಂದರುಗಳಲ್ಲಿ ಇಳಿದು, ಶುದ್ಧವಾಗಿ, ಪ್ಯಾಕೆಟ್ಟಿನಲ್ಲಿ ಸೊರಬದ ಅಂಗಡಿಗೆ ಬರುತ್ತದೆ.

ಬೇಳೆಯ ಕಥೆಯೂ ಹತ್ತಿರದ್ದೇ. ತೊಗರಿ ಕಲಬುರಗಿಯಿಂದ ಬರುತ್ತದೆಂಬುದು ಜನರ ತಿಳಿವಳಿಕೆ, ಅದು ತಪ್ಪಲ್ಲ. ಆದರೆ ಅದರ ಜೊತೆಗೆ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾದ ತೊಗರಿಯೂ, ಕೆನಡಾ, ರಷ್ಯಾದ ಬಟಾಣಿಯೂ ದೇಶದ ಪೇಟೆಯಲ್ಲಿ ಬೆರೆಯುತ್ತವೆ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ ಮೇಲೆ, ಮರುವರ್ಷ ಭಾರತ ಮೊಜಾಂಬಿಕ್ ಜೊತೆ ಖರೀದಿ ಒಪ್ಪಂದ ಮಾಡಿಕೊಂಡಿತು. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಂತೆ 2001ರ ಏಪ್ರಿಲ್ 1ರಂದು ಆಮದು ಪ್ರಮಾಣದ ಮೇಲಿನ ಉಳಿದ ನಿರ್ಬಂಧಗಳೂ ತೆರವಾದವು. ತಾಲ್ಲೂಕು ಕೇಂದ್ರದ ಹಣ್ಣಿನ ಗಾಡಿಯಲ್ಲಿ ಅಮೆರಿಕದ ವಾಷಿಂಗ್ಟನ್ ಸೇಬು, ಇರಾನಿನ ಸೇಬು, ಕಿವಿ ಹಣ್ಣು ಕಾಣಿಸಿಕೊಂಡದ್ದು ಅದರ ನಂತರ.

ಅಂಗಡಿಯ ಒಳಗೂ ರೂಪ ಬದಲಾಯಿತು. ಗೋಣಿಚೀಲದ ಬಾಯಿ ಮಡಿಸಿಟ್ಟು, ಕೇಳಿದಷ್ಟು ತೂಗಿ, ಕಾಗದದಲ್ಲಿ ಕಟ್ಟಿ ದಾರ ಸುತ್ತಿ ಕೊಡುತ್ತಿದ್ದ ಕಾಲ ಹಿಂದೆ ಸರಿದು, ತೂಕ, ಬೆಲೆ ಅಚ್ಚಾದ ಪೊಟ್ಟಣ ಬಂತು. ಬಿಸ್ಕತ್ತು, ಚಿಪ್ಸ್, ನೂಡಲ್ಸ್, ಸಾರಿನ ಪುಡಿ ತೂಗುಹಾಕಿದ ಸರಗಳಲ್ಲಿ ಹಳ್ಳಿಯ ಪೆಟ್ಟಿಗೆ ಅಂಗಡಿಯನ್ನೂ ಮುಟ್ಟಿದವು. ಹಾಲು ಉತ್ಪಾದಕರ ಸಂಘಗಳು ಬೆಳೆದಂತೆ, ಬೆಳಿಗ್ಗೆ ಡೇರಿಗೆ ಹಾಲು ಹಾಕಿದ ಮನೆಯೇ ಸಂಜೆ ಪೇಟೆಯಿಂದ ನಂದಿನಿ ಪೊಟ್ಟಣ ತರುವುದು ಮಾಮೂಲಾಯಿತು. 2003ರಲ್ಲಿ ಬೆಂಗಳೂರಿನಲ್ಲಿ ಮೆಟ್ರೋ ಸಗಟು ಮಳಿಗೆ ತೆರೆದಾಗ, ಅದರ ಹಿಂದೆಯೇ ದೊಡ್ಡ ಕಂಪನಿಗಳ ಸರಣಿ ಅಂಗಡಿಗಳು ನಗರಗಳಲ್ಲಿ ಬಂದಾಗ ಸಣ್ಣ ಕಿರಾಣಿ ಮುಳುಗುತ್ತದೆಂಬ ಭಯ ಎಲ್ಲೆಡೆ ಇತ್ತು. ಇಂಥ ತಾಲ್ಲೂಕು ಪಟ್ಟಣಗಳಲ್ಲಿ ಹಾಗಾಗಲಿಲ್ಲ. ಸ್ಥಳೀಯ ವರ್ತಕರೇ ಅಂಗಡಿಯನ್ನು ಹಿಗ್ಗಿಸಿ, ಗಿರಾಕಿಯೇ ಒಳಗೆ ಬಂದು ಆರಿಸಿಕೊಳ್ಳುವ ಸೂಪರ್ ಮಾರ್ಕೆಟ್ ಮಾಡಿಕೊಂಡರು. ಉದ್ರಿ ಕೊಡುವ, ಮನೆಮಂದಿಯ ಹೆಸರು ಬಲ್ಲ ಅಂಗಡಿಯ ಜಾಗವನ್ನು ದೂರದ ಕಂಪನಿ ತುಂಬುವುದು ಕಷ್ಟ. 2017ರ ಜಿಎಸ್‌ಟಿ, 2022ರ ಜುಲೈ 18ರಿಂದ ಪೊಟ್ಟಣದ ಅಕ್ಕಿ, ಹಿಟ್ಟು, ಮೊಸರಿನ ಮೇಲೂ ಬಿದ್ದ ಶೇ. 5ರ ತೆರಿಗೆ, ಮೊಬೈಲ್ ಪಾವತಿ ಇವೆಲ್ಲ ಲೆಕ್ಕದ ಕ್ರಮವನ್ನು ಬದಲಿಸಿದರೂ ಖಾತೆ ಪುಸ್ತಕ ಪೂರ್ತಿ ಮಾಯವಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಅಕ್ಕಿಯದು. ಗದ್ದೆ ತೋಟವಾದ ಮನೆಗಳು ಈಗ ಅಕ್ಕಿ ಕೊಳ್ಳುತ್ತವೆ. ಊರಿನ ದಪ್ಪ ಅಕ್ಕಿಯ ಜಾಗದಲ್ಲಿ ಗಂಗಾವತಿ, ಸಿಂಧನೂರು ಕಡೆಯ ಸೋನಾ ಮಸೂರಿ ತಟ್ಟೆಗೆ ಬಂದಿದೆ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಬಡ ಕುಟುಂಬಕ್ಕೆ ತಿಂಗಳಿಗೆ ಗರಿಷ್ಠ 30 ಕಿಲೋ ಅಕ್ಕಿ ಕಿಲೋಗೆ 1 ರೂಪಾಯಿಯಂತೆ ಸಿಕ್ಕಿತು, 2015ರಿಂದ ಉಚಿತವಾಯಿತು. ಅದಕ್ಕೆ ಬೇಕಾದ ಅಕ್ಕಿಯ ಬಹುಪಾಲು ಬೇರೆ ರಾಜ್ಯಗಳಲ್ಲಿ ಬೆಳೆದದ್ದು. 2023ರ ಜೂನ್‌ನಲ್ಲಿ ಆಹಾರ ನಿಗಮ ರಾಜ್ಯಕ್ಕೆ ಹೆಚ್ಚುವರಿ ಅಕ್ಕಿ ಮಾರುವುದನ್ನು ನಿಲ್ಲಿಸಿದಾಗ, ಅದರ ಬದಲಿಗೆ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಬೇಕಾಯಿತು. ಆ ಹೆಚ್ಚುವರಿ ಅಕ್ಕಿ ಮತ್ತೆ ಬಂದದ್ದು 2025ರಲ್ಲಿ. ಅಕ್ಕಿಯ ನಾಡಿಗೆ ಹೊರಗಿನ ಅಕ್ಕಿ ಬರುವುದನ್ನು ಕಂಡು ಬೇಸರಪಡುವವರಿದ್ದಾರೆ. ಆ ಬೇಸರದಲ್ಲಿ ಸತ್ಯವಿದೆ. ಆದರೆ ಜಮೀನಿಲ್ಲದ ಮನೆಗೆ, ತಾಂಡಾದ ಕೂಲಿಗೆ, ಆಷಾಢದ ಹಸಿವಿನಿಂದ ಮೊದಲ ಸಲ ನಿಶ್ಚಿತ ಬಿಡುಗಡೆ ಕೊಟ್ಟದ್ದು ಈ ಪಡಿತರದ ಚೀಲವೇ. ಕಣಜದ ಕಾಲ ಅದನ್ನು ಕೊಟ್ಟಿರಲಿಲ್ಲ.

ದೂರದ ಪೇಟೆಗೆ ಕಟ್ಟಿಕೊಂಡ ಬದುಕಿನ ಅಪಾಯಗಳೂ ಈಚಿನ ವರ್ಷಗಳಲ್ಲಿ ಸ್ಪಷ್ಟವಾಗಿವೆ. 2020ರ ಲಾಕ್‌ಡೌನಿನಲ್ಲಿ ಉತ್ತರದ ಲಾರಿಗಳು ನಿಂತಾಗ ಸೊರಬ–ಬನವಾಸಿಯ ಅನಾನಸ್ ಹೊಲದಲ್ಲೇ ಕೊಳೆಯಿತು. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ, ಇಂಡೋನೇಷ್ಯಾ ಏಪ್ರಿಲ್ ಕೊನೆಯಿಂದ ಕೆಲವು ವಾರ ರಫ್ತು ನಿಲ್ಲಿಸಿದ್ದರಿಂದ ಪಾಮ್ ಎಣ್ಣೆ, ಎರಡರ ಬೆಲೆಯೂ ಏರಿ ಇಲ್ಲಿನ ಒಗ್ಗರಣೆಗೂ ತಟ್ಟಿತು. ಇಥೆನಾಲ್ ಬೇಡಿಕೆಯಿಂದ ಮೆಕ್ಕೆಜೋಳದ ಬೆಲೆ ಏರಿದಾಗ, 2024ರಲ್ಲಿ ಭಾರತ ಮ್ಯಾನ್ಮಾರ್, ಉಕ್ರೇನಿನಿಂದ ಅದನ್ನೇ ತರಿಸಿತು. ಕೊಳ್ಳುವವನಿಗೆ ಆಮದು ಅಗ್ಗದ ಎಣ್ಣೆಯಾದರೆ, ಬೆಳೆಯುವವನಿಗೆ ಅದೇ ಆಮದು ಪೈಪೋಟಿಯಾಗುತ್ತದೆ. ಒಂದೇ ಮನೆಯಲ್ಲಿ ಇಬ್ಬರೂ ಇರುತ್ತಾರೆ.

ಇದು ಅಡಿಕೆಯಲ್ಲಿ ಇನ್ನೂ ನಿಚ್ಚಳ. ಶ್ರೀಲಂಕಾ, ಇಂಡೋನೇಷ್ಯಾ, ಮ್ಯಾನ್ಮಾರಿನ ಅಡಿಕೆ ಒಳಬಂದರೆ ಇಲ್ಲಿನ ಧಾರಣೆ ಕುಸಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಒಪ್ಪಿಗೆ ಸಿಕ್ಕಾಗ ಮಲೆನಾಡಿನ ಬೆಳೆಗಾರರು ಕಳವಳಗೊಂಡರು. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಲಾಯಿತು. ಗದ್ದೆಯನ್ನು ತೋಟ ಮಾಡಿ ಅಕ್ಕಿಯನ್ನು ಅಂಗಡಿಯಿಂದ ತರುವ ಮನೆಗೆ ಈ ಒಂದು ಅಂಕಿ ಊಟದ ಲೆಕ್ಕವೂ ಆಗಿದೆ. ಸಾಗಣೆಯ ದಾರಿಯೂ ಬದಲಾಗುವ ಹಂತದಲ್ಲಿದೆ. ಶಿವಮೊಗ್ಗದಿಂದ ಶಿಕಾರಿಪುರದ ಮೂಲಕ ರಾಣೆಬೆನ್ನೂರಿಗೆ ಸುಮಾರು 103 ಕಿಲೋಮೀಟರ್ ಉದ್ದದ ಹೊಸ ರೈಲು ಮಾರ್ಗದ ಕೆಲಸ ಕೈಗೆತ್ತಿಕೊಳ್ಳಲಾಗಿದೆ. ಅದು ಪೂರ್ತಿಯಾದರೆ 1880ರ ದಶಕದ ಹಳಿಗೂ 1899ರ ಹಳಿಗೂ ನಡುವೆ ಉಳಿದಿದ್ದ ಶಿಕಾರಿಪುರದ ಪೇಟೆಗೆ ಸರಕು ನೇರವಾಗಿ ರೈಲಿನಲ್ಲಿ ಬರಬಹುದು. ಸೊರಬಕ್ಕೆ ಹತ್ತಿರದ ನಿಲ್ದಾಣವಾಗಿ ತಾಳಗುಪ್ಪ, ಸಾಗರಗಳೇ ಉಳಿಯುತ್ತವೆ.